ಆನ್‌ಲೈನ್ ಪದವಿ: ಶುಲ್ಕ ಕಟ್ಟುವ ಮೊದಲು ಪಟ್ಟಿ ನೋಡಿ

ಪಿಯುಸಿ ಫಲಿತಾಂಶ ಬಂದ ವಾರದಿಂದಲೇ ಮನೆಮನೆಯ ಮೊಬೈಲುಗಳಿಗೆ ಕರೆ ಶುರುವಾಗುತ್ತದೆ. ಮನೆಯಲ್ಲೇ ಕೂತು ಬಿಬಿಎ, ಕೆಲಸ ಬಿಡದೆ ಎಂಬಿಎ, ‘ಯುಜಿಸಿ ಅಪ್ರೂವ್ಡ್ ಸರ್, ಇವತ್ತು ಸೀಟ್ ಬ್ಲಾಕ್ ಮಾಡಿದರೆ ಮಾತ್ರ ಡಿಸ್ಕೌಂಟ್’. ಕರೆ ಮಾಡಿದವರು ಹೇಳುವುದು ನಿಜವೂ ಇರಬಹುದು. ಅದನ್ನು ಪರೀಕ್ಷಿಸಲು ಬೇಕಾದ್ದು ಒಂದು ಮೊಬೈಲು, ಸ್ವಲ್ಪ ತಾಳ್ಮೆ. ಇಷ್ಟು ಸುಲಭದ ಕೆಲಸವನ್ನು ಮಾಡದೆ ಲಕ್ಷಾಂತರ ರೂಪಾಯಿಯನ್ನೂ ಮೂರು ವರ್ಷಗಳನ್ನೂ ಕಳೆದುಕೊಳ್ಳುವವರು ಹೆಚ್ಚಾಗಿ ಮನೆಯಲ್ಲಿ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತುತ್ತಿರುವವರೇ. ಈ ಬರಹ ಅವರಿಗಾಗಿ.

ಆನ್‌ಲೈನ್ ಪದವಿಗೆ ಬೆಲೆಯೇ ಇಲ್ಲ ಎಂಬ ಅಳುಕು ಬೇಡ. ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2020ರಲ್ಲಿ ದೂರಶಿಕ್ಷಣ ಮತ್ತು ಆನ್‌ಲೈನ್ ಶಿಕ್ಷಣಕ್ಕೆ ಹೊಸ ನಿಯಮಾವಳಿ ತಂದಿತು. ಮಾನ್ಯತೆ ಪಡೆದ ಸಂಸ್ಥೆಯ ಆನ್‌ಲೈನ್ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನ ಎಂದು 2022ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿತು. ಹಾಗಾಗಿ ಕೇಳಬೇಕಾದ ಪ್ರಶ್ನೆ ಬೇರೆ: ಈ ವಿಶ್ವವಿದ್ಯಾಲಯ, ಈ ಕೋರ್ಸನ್ನು, ಆನ್‌ಲೈನ್‌ನಲ್ಲಿ, ಈ ವರ್ಷ ನಡೆಸಲು ಅನುಮತಿ ಪಡೆದಿದೆಯೇ? ನಾಲ್ಕಕ್ಕೂ ‘ಹೌದು’ ಬರಬೇಕು.

ಒಂದೆರಡು ‘ಹೌದು’ ಏಕೆ ಸಾಲದು ಎಂಬುದನ್ನು ಕರ್ನಾಟಕಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಮೈಸೂರಿನ ಮುಕ್ತಗಂಗೋತ್ರಿಯಲ್ಲಿರುವ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ವಿಧಾನಮಂಡಲದ ಕಾಯ್ದೆಯಡಿ 1996ರಲ್ಲಿ ಆರಂಭವಾದ ಸರ್ಕಾರಿ ಸಂಸ್ಥೆ. ಅದನ್ನು ನಕಲಿ ಎನ್ನಲು ಯಾರಿಗೂ ಸಾಧ್ಯವಿರಲಿಲ್ಲ. ಆದರೂ 2012–13ರ ನಂತರದ ಅದರ ಕೋರ್ಸುಗಳಿಗೆ ಮಾನ್ಯತೆ ಇಲ್ಲವೆಂದು ಯುಜಿಸಿ 2015ರ ಜೂನ್‌ನಲ್ಲಿ ಪ್ರಕಟಿಸಿತು. ರಾಜ್ಯದ ಗಡಿಯಾಚೆ ಖಾಸಗಿ ಸಂಸ್ಥೆಗಳ ಸಹಯೋಗದಲ್ಲಿ ಕೋರ್ಸು ನಡೆಸಿದ್ದು, ತಾಂತ್ರಿಕ ಕೋರ್ಸುಗಳಿಗೆ ಕೈಹಾಕಿದ್ದು ವಿವಾದದ ಮೂಲ. 2018–19ನೇ ಸಾಲಿಗೆ ಮತ್ತೆ ಅನುಮತಿ ಸಿಕ್ಕಿತು, ಇಂದು ಆ ಸಂಸ್ಥೆ ಸಾವಿರಾರು ಜನರಿಗೆ ಪಾಠ ಹೇಳುತ್ತಿದೆ. ಆದರೆ ನಡುವಿನ ವರ್ಷಗಳಲ್ಲಿ ಸೇರಿದವರು ಅಂಕಪಟ್ಟಿ ಹಿಡಿದು ಅಲೆದರು, ಧರಣಿ ಕೂತರು, ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಓದಿದ್ದು ಅಸಲಿ, ವಿಶ್ವವಿದ್ಯಾಲಯವೂ ಅಸಲಿ, ಆ ವರ್ಷದ ಅನುಮತಿ ಮಾತ್ರ ಇರಲಿಲ್ಲ.

ದೇಶದ ಮಟ್ಟದಲ್ಲೂ ಇಂಥದ್ದೇ ಆಗಿದೆ. ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ದೂರಶಿಕ್ಷಣದಲ್ಲಿ ಕೊಟ್ಟ ಎಂಜಿನಿಯರಿಂಗ್ ಪದವಿಗಳ ಬಗ್ಗೆ ಸುಪ್ರೀಂ ಕೋರ್ಟ್ 2017ರ ನವೆಂಬರ್‌ನಲ್ಲಿ ತೀರ್ಪು ಕೊಟ್ಟಿತು. 2001ರಿಂದ 2005ರ ನಡುವೆ ಸೇರಿದವರ ಪದವಿಗಳನ್ನು ಅಮಾನತಿನಲ್ಲಿಟ್ಟು, ತಾಂತ್ರಿಕ ಶಿಕ್ಷಣದ ನಿಯಂತ್ರಕ ಸಂಸ್ಥೆ ಎಐಸಿಟಿಇ ನಡೆಸುವ ಪರೀಕ್ಷೆ ಬರೆಯಿರಿ ಎಂದಿತು. ಆಮೇಲೆ ಸೇರಿದವರ ಪದವಿಗಳು ರದ್ದಾದವು. ಅಷ್ಟರಲ್ಲಿ ಎಷ್ಟೋ ಜನ ಆ ಪದವಿಯ ಮೇಲೆಯೇ ಬಡ್ತಿ ಪಡೆದು ವರ್ಷಗಳಾಗಿದ್ದವು.

ಮೊದಲು ಹೆಸರು

ಯುಜಿಸಿ ಜಾಲತಾಣಕ್ಕೆ ಹೋಗಿ. ಅಲ್ಲಿ ಕೇಂದ್ರೀಯ, ರಾಜ್ಯ, ಡೀಮ್ಡ್ ಮತ್ತು ಖಾಸಗಿ ವಿಶ್ವವಿದ್ಯಾಲಯಗಳ ಪ್ರತ್ಯೇಕ ಪಟ್ಟಿಗಳಿವೆ. ಯುಜಿಸಿ ಕಾಯ್ದೆ, 1956ರ 22ನೇ ಸೆಕ್ಷನ್ ಪ್ರಕಾರ ಪದವಿ ಕೊಡುವ ಹಕ್ಕು ಇರುವುದು ಸಂಸತ್ತಿನ ಅಥವಾ ರಾಜ್ಯದ ಕಾಯ್ದೆಯಡಿ ಹುಟ್ಟಿದ ವಿಶ್ವವಿದ್ಯಾಲಯಕ್ಕೆ, ಡೀಮ್ಡ್ ಎಂದು ಘೋಷಿತವಾದದ್ದಕ್ಕೆ, ಇಲ್ಲವೇ ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆಗೆ ಮಾತ್ರ. ಟ್ರಸ್ಟ್, ಸೊಸೈಟಿ, ಕಂಪನಿ ಎಂದು ನೋಂದಣಿ ಮಾಡಿಸಿಕೊಂಡ ಮಾತ್ರಕ್ಕೆ ಪದವಿ ಕೊಡಲು ಬರುವುದಿಲ್ಲ.

ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸಿ, ಊರನ್ನೂ ನೋಡಿ. ಹೆಸರಾಂತ ಸಂಸ್ಥೆಯ ಹೆಸರಿಗೆ ಹಿಂದೆಯೋ ಮುಂದೆಯೋ ಒಂದು ಪದ ಸೇರಿಸಿಕೊಂಡು ಕಣ್ಣಿಗೆ ಮಣ್ಣೆರಚುವುದು ಹಳೆಯ ತಂತ್ರ. ಯುಜಿಸಿ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನೂ ಪ್ರಕಟಿಸುತ್ತದೆ. ಗೋಕಾಕದ ವಿಳಾಸವಿದ್ದ ಸಂಸ್ಥೆಯೊಂದು ಅದರಲ್ಲಿ ವರ್ಷಗಟ್ಟಲೆ ಇತ್ತು. ಆದರೆ ನಕಲಿ ಪಟ್ಟಿಯಲ್ಲಿ ಹೆಸರಿಲ್ಲ ಎಂದು ನಿರಾಳವಾಗಬೇಡಿ. ನಿನ್ನೆ ಬೋರ್ಡು ಹಾಕಿದವರ ಹೆಸರು ಇಂದೇ ಆ ಪಟ್ಟಿಗೆ ಸೇರಿರುವುದಿಲ್ಲ. ‘ವಿಶ್ವವಿದ್ಯಾಲಯ’ ಎಂಬ ಹೆಸರನ್ನು ಅಕ್ರಮವಾಗಿ ಬಳಸಿದರೆ ಇದೇ ಕಾಯ್ದೆ ವಿಧಿಸುವ ದಂಡ ಹೆಚ್ಚೆಂದರೆ ಒಂದು ಸಾವಿರ ರೂಪಾಯಿ! ಕಾನೂನು ಅವರನ್ನು ಹೆದರಿಸಿ ನಿಲ್ಲಿಸುತ್ತದೆ ಎಂದು ನಂಬಿ ಕೂರುವಂತಿಲ್ಲ.

ಆಮೇಲೆ ಡೆಬ್ ಪಟ್ಟಿ

ಇದೇ ಮುಖ್ಯ ಹಂತ, ಹೆಚ್ಚಿನವರು ತಪ್ಪಿಸಿಕೊಳ್ಳುವುದೂ ಇದನ್ನೇ. ಯುಜಿಸಿಯ ದೂರಶಿಕ್ಷಣ ವಿಭಾಗಕ್ಕೆ ಡಿಸ್ಟೆನ್ಸ್ ಎಜುಕೇಷನ್ ಬ್ಯೂರೊ, ಚಿಕ್ಕದಾಗಿ ಡೆಬ್, ಎನ್ನುತ್ತಾರೆ. ಡೆಬ್ ಡಾಟ್ ಯುಜಿಸಿ ಡಾಟ್ ಎಸಿ ಡಾಟ್ ಇನ್ ಎಂಬ ಅದರ ವಿಳಾಸವನ್ನು ನೀವೇ ಟೈಪ್ ಮಾಡಿ ತೆರೆಯಿರಿ. ಏಜೆಂಟರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಲಿಂಕನ್ನಾಗಲಿ ಪಿಡಿಎಫ್‌ ಅನ್ನಾಗಲಿ ನೆಚ್ಚಬೇಡಿ.

ಅಲ್ಲಿ ದೂರಶಿಕ್ಷಣಕ್ಕೆ ಒಂದು ಪಟ್ಟಿ, ಆನ್‌ಲೈನ್‌ಗೆ ಇನ್ನೊಂದು. ಒಂದರಲ್ಲಿರುವ ಅನುಮತಿ ಇನ್ನೊಂದಕ್ಕೆ ಸಲ್ಲುವುದಿಲ್ಲ. ಶೈಕ್ಷಣಿಕ ವರ್ಷವನ್ನು ಆರಿಸಿ. ಪ್ರವೇಶ ವರ್ಷಕ್ಕೆ ಎರಡು ಸಲ, ಜುಲೈ–ಆಗಸ್ಟ್ ಮತ್ತು ಜನವರಿ–ಫೆಬ್ರುವರಿ. ನೀವು ಸೇರುವ ಸರದಿಯನ್ನೇ ನೋಡಿ. ವಿಶ್ವವಿದ್ಯಾಲಯದ ಹೆಸರು ಸಿಕ್ಕಿತೆಂದು ಅಲ್ಲಿಗೇ ನಿಲ್ಲಬೇಡಿ, ಅದರ ಮುಂದಿರುವ ಕೋರ್ಸುಗಳನ್ನು ಒಂದೊಂದಾಗಿ ಓದಿ. ಬಿ.ಕಾಂ. ಮತ್ತು ಎಂಬಿಎಗೆ ಅನುಮತಿ ಇದ್ದು ಎಂಸಿಎಗೆ ಇಲ್ಲದಿರಬಹುದು. ಪೂರ್ವಾನುಮತಿ ಇಲ್ಲದೆಯೇ ಕೋರ್ಸು ಆರಂಭಿಸುವ ಸ್ವಾತಂತ್ರ್ಯ ಪಡೆದ ಕೆಲವು ವಿಶ್ವವಿದ್ಯಾಲಯಗಳೂ ಇವೆ, ಅವುಗಳ ಹೆಸರೂ ಡೆಬ್‌ನಲ್ಲೇ ಸಿಗುತ್ತದೆ.

ಪದವಿಯ ಹೆಸರನ್ನು ಗಮನಿಸಿ. ಪಟ್ಟಿಯಲ್ಲಿ ‘ಮಾಸ್ಟರ್ ಆಫ್ ಬಿಸಿನೆಸ್ ಅಡ್ಮಿನಿಸ್ಟ್ರೇಷನ್’ ಎಂದಿದ್ದು, ನಿಮಗೆ ತೋರಿಸಿದ ಕರಪತ್ರದಲ್ಲಿ ‘ಎಕ್ಸಿಕ್ಯುಟಿವ್ ಪ್ರೋಗ್ರಾಮ್ ಇನ್ ಮ್ಯಾನೇಜ್‌ಮೆಂಟ್’ ಎಂದಿದ್ದರೆ ಅದು ಪದವಿಯಲ್ಲ, ಸರ್ಟಿಫಿಕೇಟು. ಕಲಿಯಲು ಚೆನ್ನಾಗಿರಬಹುದು, ನೇಮಕಾತಿ ಅರ್ಜಿಯ ‘ಸ್ನಾತಕೋತ್ತರ ಪದವಿ’ ಎಂಬ ಕಾಲಂಗೆ ಬರುವುದಿಲ್ಲ.

ನೋಡಿದ ಪುಟದ ಸ್ಕ್ರೀನ್‌ಶಾಟ್ ತೆಗೆದು, ದಿನಾಂಕ ಹಾಕಿ, ಪ್ರಿಂಟ್ ಮಾಡಿಸಿ ಅಂಕಪಟ್ಟಿಗಳ ಜೊತೆ ಇಟ್ಟುಕೊಳ್ಳಿ. ಮುಂದೆ ಕೆಲಸಕ್ಕೆ ಸೇರುವಾಗ ಯಾರಾದರೂ ತಕರಾರು ತೆಗೆದರೆ, ನೀವು ಸೇರಿದ ವರ್ಷ ಅನುಮತಿ ಇತ್ತು ಎಂದು ತೋರಿಸಲು ಈ ಕಾಗದ ನೆರವಿಗೆ ಬರುತ್ತದೆ.

ಆನ್‌ಲೈನ್‌ನಲ್ಲಿ ಆಗದ ಓದು

ಎಂಜಿನಿಯರಿಂಗ್, ವೈದ್ಯಕೀಯ, ದಂತವೈದ್ಯ, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ, ವಾಸ್ತುಶಿಲ್ಪ, ಕಾನೂನು, ಕೃಷಿ, ತೋಟಗಾರಿಕೆ, ಹೋಟೆಲ್ ಮ್ಯಾನೇಜ್‌ಮೆಂಟ್ ಇವುಗಳನ್ನು ದೂರಶಿಕ್ಷಣದಲ್ಲೂ ಆನ್‌ಲೈನ್‌ನಲ್ಲೂ ಕೊಡುವಂತಿಲ್ಲ. ಪಿಎಚ್‌.ಡಿ. ಕೂಡ ಇಲ್ಲ. 2025ರ ಜುಲೈ–ಆಗಸ್ಟ್ ಸರದಿಯಿಂದ ಮನೋವಿಜ್ಞಾನ, ಮೈಕ್ರೊಬಯಾಲಜಿ, ಬಯೋಟೆಕ್ನಾಲಜಿ, ಆಹಾರ ಮತ್ತು ಪೋಷಣೆ ವಿಜ್ಞಾನ ಸೇರಿದಂತೆ ಆರೋಗ್ಯಕ್ಕೆ ಸಂಬಂಧಿಸಿದ ಕೋರ್ಸುಗಳನ್ನೂ ಯುಜಿಸಿ ನಿಲ್ಲಿಸಿದೆ. ‘ಆನ್‌ಲೈನ್ ಎಂಎಸ್ಸಿ ಸೈಕಾಲಜಿ, ಈಗಲೇ ಸೇರಿ’ ಎಂಬ ಹಳೆಯ ಜಾಹೀರಾತು ಇನ್ನೂ ಕಂಡರೆ ಇದು ನೆನಪಿರಲಿ. ಬಿ.ಎಡ್. ಮಾಡಬಯಸುವ ಶಿಕ್ಷಕರು ಶಿಕ್ಷಕರ ಶಿಕ್ಷಣದ ನಿಯಂತ್ರಕ ಸಂಸ್ಥೆ ಎನ್‌ಸಿಟಿಇಯ ಮಾನ್ಯತೆಯನ್ನು ಪ್ರತ್ಯೇಕವಾಗಿ ನೋಡಲೇಬೇಕು. ‘ಹತ್ತು ದಿನದಲ್ಲಿ ಎಂಬಿಎ’ ಎಂಬ ಜಾಹೀರಾತಿಗಂತೂ 2024ರಲ್ಲಿ ಯುಜಿಸಿಯೇ ಎಚ್ಚರಿಕೆ ಕೊಡಬೇಕಾಯಿತು.

ಡೆಬ್ ಐಡಿ

2024ರಿಂದ ಬಂದ ಒಳ್ಳೆಯ ವ್ಯವಸ್ಥೆ ಇದು. ಆನ್‌ಲೈನ್ ಅಥವಾ ದೂರಶಿಕ್ಷಣಕ್ಕೆ ಸೇರುವ ಭಾರತದ ಪ್ರತಿ ವಿದ್ಯಾರ್ಥಿಯೂ ತನ್ನ ಎಬಿಸಿ (ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್) ಐಡಿ ಬಳಸಿ, ಡೆಬ್ ಜಾಲತಾಣದಲ್ಲಿ ತಾನೇ ಒಂದು ಡೆಬ್ ಐಡಿ ಮಾಡಿಕೊಳ್ಳಬೇಕು. ಎಬಿಸಿ ಐಡಿ ಡಿಜಿಲಾಕರ್ ಮೂಲಕ ಸಿಗುತ್ತದೆ. ಸೇರಿಸಿಕೊಳ್ಳುವವರು ಇದರ ಮಾತೇ ಎತ್ತದಿದ್ದರೆ, ‘ಅದೆಲ್ಲ ಆಮೇಲೆ ನೋಡೋಣ, ಮೊದಲು ಫೀಸು ಕಟ್ಟಿ’ ಎಂದರೆ, ಅಲ್ಲಿಂದ ಎದ್ದು ಬನ್ನಿ. ಒಟಿಪಿಯನ್ನು ಏಜೆಂಟರಿಗೆ ಕೊಟ್ಟು ಮಾಡಿಸಬೇಡಿ.

ಕರಪತ್ರದ ಮುದ್ರೆಗಳು

ಹೊಳಪು ಕಾಗದದ ಕೆಳಗೆ ಸಾಲಾಗಿ ಮುದ್ರೆಗಳಿರುತ್ತವೆ. ಐಎಸ್‌ಒ 9001 ಎಂಬುದು ನಿರ್ವಹಣಾ ಕ್ರಮಕ್ಕೆ ಸಿಗುವ ಪ್ರಮಾಣಪತ್ರ, ಯಾವ ಕಾರ್ಖಾನೆಯೂ ಪಡೆಯಬಹುದು. ಎಂಎಸ್‌ಎಂಇ ನೋಂದಣಿ ವ್ಯಾಪಾರಕ್ಕೆ. ಯುನೆಸ್ಕೊ ಯಾವ ವಿಶ್ವವಿದ್ಯಾಲಯಕ್ಕೂ ಮಾನ್ಯತೆ ಕೊಡುವುದಿಲ್ಲ. ಇವ್ಯಾವುವೂ ಪದವಿಗೆ ಬಲ ತರುವುದಿಲ್ಲ.

ನ್ಯಾಕ್ ಮುದ್ರೆಯ ವಿಷಯ ಬೇರೆ. ಬೆಂಗಳೂರಿನ ನಾಗರಬಾವಿಯಲ್ಲಿ ಕಚೇರಿ ಇರುವ ಈ ಸಂಸ್ಥೆ ಗುಣಮಟ್ಟ ಅಳೆದು ಗ್ರೇಡ್ ಕೊಡುತ್ತದೆ, ಆನ್‌ಲೈನ್ ಕೋರ್ಸು ನಡೆಸುವ ಅರ್ಹತೆಗೆ ಅದರ ಅಂಕವೂ ಲೆಕ್ಕಕ್ಕೆ ಬರುತ್ತದೆ. ಆದರೆ ಗ್ರೇಡ್‌ಗೆ ಅವಧಿ ಇದೆ, ಮತ್ತು ಗ್ರೇಡ್ ಎಂದರೆ ಕೋರ್ಸಿನ ಅನುಮತಿಯಲ್ಲ. ‘ಎ ಪ್ಲಸ್’ ನೋಡಿ ಡೆಬ್ ಪಟ್ಟಿ ನೋಡುವುದನ್ನು ಬಿಡಬೇಡಿ.

ಯಾರ ಖಾತೆಗೆ ಹಣ?

ಫ್ರಾಂಚೈಸಿ ಕೊಟ್ಟು ಪದವಿ ನಡೆಸುವುದನ್ನು ಯುಜಿಸಿ ನಿಷೇಧಿಸಿದೆ. ಪಾಠ, ಪ್ರವೇಶ, ಪರೀಕ್ಷೆ, ಪ್ರಮಾಣಪತ್ರಕ್ಕೆ ವಿಶ್ವವಿದ್ಯಾಲಯವೇ ಹೊಣೆ. ಆದ್ದರಿಂದ ಶುಲ್ಕ ವಿಶ್ವವಿದ್ಯಾಲಯದ ಖಾತೆಗೇ ಹೋಗಬೇಕು, ರಸೀದಿಯೂ ಅದರ ಹೆಸರಲ್ಲೇ ಬರಬೇಕು. ‘ನೋ ಕಾಸ್ಟ್ ಇಎಂಐ’ ಎಂದರೆ ಬಹಳ ಸಲ ನಿಮ್ಮ ಹೆಸರಿನಲ್ಲಿ ಹಣಕಾಸು ಕಂಪನಿಯೊಂದು ಕೊಡುವ ಸಾಲ. ಓದು ಬಿಟ್ಟರೂ ಕಂತು ಬಿಡುವುದಿಲ್ಲ. ಸಹಿ ಮಾಡುವ ಮುನ್ನ ಸಾಲದ ಪತ್ರ ಓದಿ, ಗೊತ್ತಿರುವವರಿಂದ ಓದಿಸಿ.

ಅನುಮಾನ ಉಳಿದರೆ ವಿಶ್ವವಿದ್ಯಾಲಯದ ಜಾಲತಾಣದಲ್ಲಿರುವ ಇ–ಮೇಲ್‌ಗೆ ಒಂದೇ ಸಾಲು ಬರೆಯಿರಿ: ‘ಈ ಕೋರ್ಸಿಗೆ ಈ ಸಾಲಿನಲ್ಲಿ ಆನ್‌ಲೈನ್ ಅನುಮತಿ ಇರುವ ಯುಜಿಸಿ ಪತ್ರ ಕಳಿಸಿ.’ ಅನುಮತಿ ಪತ್ರಗಳನ್ನು ತಮ್ಮ ಜಾಲತಾಣದಲ್ಲಿ ಬಹಿರಂಗವಾಗಿ ಹಾಕುವುದು ಸಂಸ್ಥೆಗಳ ಕರ್ತವ್ಯ. ಕೇಳಲು ಸಂಕೋಚ ಬೇಡ.

ವಿದೇಶದ ಹೆಸರು ಬಂದಾಗ

ಆನ್‌ಲೈನ್ ಪಾಠ ನಡೆಸುವ ಎಡ್‌ಟೆಕ್ ಕಂಪನಿಗಳು ವಿದೇಶಿ ವಿಶ್ವವಿದ್ಯಾಲಯಗಳ ಜೊತೆ ಸೇರಿ ಅನುಮತಿ ಇಲ್ಲದೆ ನಡೆಸುವ ಪದವಿಗಳಿಗೆ ಮಾನ್ಯತೆ ಇಲ್ಲವೆಂದು ಯುಜಿಸಿ 2023ರ ಡಿಸೆಂಬರ್‌ನಲ್ಲಿ ಪ್ರಕಟಿಸಿದೆ. ಅಮೆರಿಕದ ಸಂಸ್ಥೆಯಾದರೆ ಅಲ್ಲಿನ ಶಿಕ್ಷಣ ಇಲಾಖೆಯ ಮಾನ್ಯತಾ ದತ್ತಾಂಶಕೋಶದಲ್ಲಿ ಹೆಸರು ಹುಡುಕಿ. ಮಾನ್ಯತೆ ಕೊಟ್ಟಿದ್ದೇವೆ ಎನ್ನುವ ಸಂಸ್ಥೆಯೇ ನಕಲಿಯಾಗಿರುವುದೂ ಉಂಟು. ಕರಾಚಿಯ ಆಕ್ಸಾಕ್ಟ್ ಕಂಪನಿಯ ಜಾಲವನ್ನು 2015ರಲ್ಲಿ ನ್ಯೂಯಾರ್ಕ್ ಟೈಮ್ಸ್ ಬಯಲು ಮಾಡಿದಾಗ, ಸುಮಾರು 370 ಜಾಲತಾಣಗಳಲ್ಲಿ ನಕಲಿ ವಿಶ್ವವಿದ್ಯಾಲಯಗಳ ಜೊತೆಗೆ ಅವಕ್ಕೆ ಮಾನ್ಯತೆ ಕೊಡುವ ನಕಲಿ ಮಂಡಳಿಗಳೂ ಸಿಕ್ಕವು.

ಆಗಲೇ ಸೇರಿಬಿಟ್ಟಿದ್ದರೆ

ಮುಂದಿನ ಕಂತು ಕಟ್ಟುವ ಮೊದಲು ನೀವು ಸೇರಿದ ವರ್ಷದ ಡೆಬ್ ಪಟ್ಟಿ ತೆರೆದು ನೋಡಿ. ಹೆಸರಿದ್ದರೆ ನಿಶ್ಚಿಂತೆಯಿಂದ ಓದಿ. ಇಲ್ಲವಾದರೆ ಜಾಹೀರಾತು, ರಸೀದಿ, ವಾಟ್ಸ್‌ಆ್ಯಪ್ ಮಾತುಕತೆ ಯಾವುದನ್ನೂ ಅಳಿಸಬೇಡಿ. ಸಂಸ್ಥೆಗೆ ಲಿಖಿತವಾಗಿ ವಿವರಣೆ ಕೇಳಿ, ಯುಜಿಸಿಯ ಇ–ಸಮಾಧಾನ್ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಮೋಸ ಎಂದು ಖಚಿತವಾದರೆ ಪೊಲೀಸ್ ಠಾಣೆಗೆ ಹೋಗಿ. ಹಣ ಆನ್‌ಲೈನ್‌ನಲ್ಲಿ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ನಾಚಿಕೆಪಟ್ಟು ಮನೆಯಲ್ಲಿ ಮುಚ್ಚಿಡುವುದರಿಂದ ಕಂತುಗಳಷ್ಟೇ ಬೆಳೆಯುತ್ತವೆ. ನಿಮ್ಮ ಮೂಲ ಅಂಕಪಟ್ಟಿ, ಟಿ.ಸಿ. ಅವರ ಬಳಿ ಇದ್ದರೆ ಕೂಡಲೇ ಬರವಣಿಗೆಯಲ್ಲಿ ವಾಪಸು ಕೇಳಿ. ಮೂಲ ದಾಖಲೆಗಳನ್ನು ಪರಿಶೀಲಿಸಿ ಹಿಂದಿರುಗಿಸಬೇಕು, ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲೇ ಆದೇಶಿಸಿದೆ.