ಯಕೃತ್ತಿನ ರಕ್ಷಣೆಗೆ ಸಂಶ್ಲೇಷಿತ ಔಷಧ

1955-56ರ ಚಳಿಗಾಲದಲ್ಲಿ ದೆಹಲಿಯ ಕುಡಿಯುವ ನೀರಿಗೆ ಕೊಳಚೆ ಬೆರೆತು, ಸುಮಾರು 29,000 ಜನರು ಕಾಮಾಲೆಗೆ ತುತ್ತಾದರು. ಅದು ಹೆಪಟೈಟಿಸ್ 'ಇ' ಎಂಬುದು ಅನಂತರ ತಿಳಿದುಬಂದಿತು. ಹೆಪಟೈಟಿಸ್ 'ಸಿ' ಸಾಮಾನ್ಯವಾಗಿ ಹೀಗೆ ಕಣ್ಣಿಗೆ ಕಾಣಿಸಿಕೊಳ್ಳುವುದಿಲ್ಲ. ಸೋಂಕುಳ್ಳ ರಕ್ತ, ಒಬ್ಬರಿಗೆ ಬಳಸಿದ ಸೂಜಿ ಮುಂತಾದವುಗಳಿಂದ ದೇಹವನ್ನು ಹೊಕ್ಕ ಇದರ ವೈರಾಣು, ಹಲವು ವರ್ಷ ಯಾವ ಲಕ್ಷಣವನ್ನೂ ತೋರದೆ ಯಕೃತ್ತನ್ನು ಹಾನಿಗೊಳಿಸುತ್ತದೆ. ಕೊನೆಗೆ ಸಿರೋಸಿಸ್ ಅಥವಾ ಕ್ಯಾನ್ಸರ್ ಉಂಟಾಗಬಹುದು.

ಈ ರೋಗಕ್ಕೆ ಲಸಿಕೆಯಿಲ್ಲ, ಔಷಧವಿದೆ. 2013ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸೋಫೋಸ್ಬುವಿರ್ ಪ್ರಯೋಗಾಲಯದಲ್ಲಿ ರೂಪುಗೊಂಡ ಸಂಶ್ಲೇಷಿತ ವಸ್ತು. ಯಕೃತ್ತಿನ ಜೀವಕೋಶದೊಳಗೆ ಅದು ಕ್ರಿಯಾಶೀಲವಾಗುತ್ತದೆ. ವೈರಾಣು ತನ್ನ ಪ್ರತಿಯನ್ನು ಹೆಣೆಯಲು ಬಳಸುವ ಘಟಕವನ್ನು ಅದು ಹೋಲುವುದರಿಂದ, ವೈರಾಣುವಿನ ಕಿಣ್ವವು ಅದನ್ನೇ ಸರಪಳಿಗೆ ಜೋಡಿಸುತ್ತದೆ. ಅಲ್ಲಿಗೆ ಸರಪಳಿಯ ಬೆಳವಣಿಗೆ ನಿಲ್ಲುತ್ತದೆ. ಜೊತೆಗೆ ಕೊಡುವ ಡಕ್ಲಟಾಸ್ವಿರ್ ವೈರಾಣುವಿನ ಇನ್ನೊಂದು ಪ್ರೋಟೀನನ್ನು ತಡೆಯುತ್ತದೆ. ಸಿರೋಸಿಸ್ ಇಲ್ಲದವರಿಗೆ ಸಾಮಾನ್ಯವಾಗಿ 12 ವಾರಗಳ ಚಿಕಿತ್ಸೆ ಸಾಕು. ಇಂತಹ ಔಷಧಗಳಿಂದ ನೂರಕ್ಕೆ 95ಕ್ಕೂ ಹೆಚ್ಚು ಮಂದಿ ಗುಣಹೊಂದುತ್ತಾರೆ.

ಆದರೆ ಸಿರೋಸಿಸ್ ತಲೆದೋರಿದ ಮೇಲೆ ವೈರಾಣು ನಾಶವಾದರೂ ಕ್ಯಾನ್ಸರಿನ ಅಪಾಯ ಪೂರ್ತಿ ತಪ್ಪದು. ಆದುದರಿಂದ ಹಿಂದೆ ರಕ್ತ ಪಡೆದವರು, ಡಯಾಲಿಸಿಸ್‌ಗೆ ಒಳಗಾಗುವವರು ತಡಮಾಡದೆ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ದೆಹಲಿಯಲ್ಲಿಯೂ ಕರ್ನಾಟಕದಲ್ಲಿಯೂ ನಿಗದಿತ ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ ಮತ್ತು ಔಷಧ ಉಚಿತ. ಚಿಕಿತ್ಸೆಗೆ ಮೊದಲು ಹೆಪಟೈಟಿಸ್ 'ಬಿ' ಪರೀಕ್ಷೆಯೂ ಅಗತ್ಯ. ವೈದ್ಯರ ಸಲಹೆಯಿಲ್ಲದೆ ಗುಳಿಗೆಗಳನ್ನು ಸೇವಿಸಬಾರದು. ಆರಂಭಿಸಿದ ಮೇಲೆ ನಡುವೆ ನಿಲ್ಲಿಸಲೂಬಾರದು.