ಇಎಸ್‌ಐ ವಂತಿಗೆ: ಮಾಲೀಕರ ಹೊರೆ ಇಳಿಸುವ ನ್ಯಾಯಬದ್ಧ ದಾರಿ

ಅಮೆರಿಕದ ರಾಜ್ಯಗಳಲ್ಲಿ ನಿರುದ್ಯೋಗ ವಿಮೆಗಾಗಿ ಮಾಲೀಕರು ಪ್ರತ್ಯೇಕ ತೆರಿಗೆ ಪಾವತಿಸುತ್ತಾರೆ. ಕೆಲಸದಿಂದ ತೆಗೆದವರ ಸಂಖ್ಯೆ ಕಡಿಮೆಯಿದ್ದಷ್ಟೂ ಆ ಸಂಸ್ಥೆಯ ತೆರಿಗೆ ದರ ಇಳಿಯುತ್ತದೆ. ನಮ್ಮಲ್ಲಿ ಅಂತಹ ಪ್ರತ್ಯೇಕ ತೆರಿಗೆ ಇಲ್ಲ. ಅದಕ್ಕೆ ಸಮೀಪದ ವ್ಯವಸ್ಥೆಯೆಂದರೆ 1948ರ ಕಾಯ್ದೆಯಿಂದ ರೂಪುಗೊಂಡ ಕಾರ್ಮಿಕರ ರಾಜ್ಯ ವಿಮೆ, ಅಂದರೆ ಇಎಸ್‌ಐ.

ದರ ಮತ್ತು ಲೆಕ್ಕ

ಇಎಸ್‌ಐ ದರವು ಎಲ್ಲ ಮಾಲೀಕರಿಗೂ ಒಂದೇ. 2019ರ ಜುಲೈ 1ರಿಂದ ಮಾಲೀಕರ ವಂತಿಗೆ ಶೇ 4.75ರಿಂದ 3.25ಕ್ಕೂ ಕಾರ್ಮಿಕರ ವಂತಿಗೆ ಶೇ 1.75ರಿಂದ 0.75ಕ್ಕೂ ಇಳಿದಿದೆ. ಅನ್ನಪೂರ್ಣೇಶ್ವರಿ ನಗರದ ಒಂದು ಹೊಲಿಗೆ ಘಟಕದಲ್ಲಿ ತಿಂಗಳಿಗೆ ರೂ. 16,000 ವೇತನದ 10 ಕಾರ್ಮಿಕರು ಇದ್ದಾರೆಂದು ಭಾವಿಸೋಣ. ತಲಾ ರೂ. 760 ಇದ್ದ ಮಾಲೀಕರ ಪಾಲು ಈಗ ರೂ. 520, ಹತ್ತು ಮಂದಿಗೆ ತಿಂಗಳಿಗೆ ರೂ. 2,400 ಉಳಿತಾಯ. ಇದಕ್ಕಿಂತ ಹೆಚ್ಚಿನ ರಿಯಾಯಿತಿಯನ್ನು ಯಾವ ಮಾಲೀಕರೂ ತಾವಾಗಿ ಪಡೆಯಲಾಗದು.

ಇಳಿಸಬಹುದಾದ ಹೊರೆ

ಇಳಿಸಬಹುದಾದದ್ದು ವಿಳಂಬದ ವೆಚ್ಚ. ಪ್ರತಿ ತಿಂಗಳ ವಂತಿಗೆಯನ್ನು ಮುಂದಿನ ತಿಂಗಳ 15ರೊಳಗೆ ಪಾವತಿಸತಕ್ಕದ್ದು. ತಪ್ಪಿದಲ್ಲಿ ವಾರ್ಷಿಕ ಶೇ 12ರ ಬಡ್ಡಿ, ಅದರ ಮೇಲೆ ನಷ್ಟ ಪರಿಹಾರ. ಕಾರ್ಮಿಕರ ವೇತನದಿಂದ ಕಡಿತಗೊಳಿಸಿದ ಹಣವನ್ನು ಪಾವತಿಸದಿದ್ದರೆ ಅದು ವಿಶ್ವಾಸದ್ರೋಹದ ಅಪರಾಧ. ಒಮ್ಮೆ ವ್ಯಾಪ್ತಿಗೆ ಬಂದ ಘಟಕವು, ಕಾರ್ಮಿಕರ ಸಂಖ್ಯೆ 10ಕ್ಕಿಂತ ಕಡಿಮೆಯಾದರೂ, ವ್ಯಾಪ್ತಿಯಲ್ಲಿಯೇ ಮುಂದುವರಿಯುತ್ತದೆ. ಆದುದರಿಂದ ಹಾಜರಿ ಪುಸ್ತಕದಿಂದ ಹೆಸರು ತೆಗೆಯುವುದರಿಂದ ಪ್ರಯೋಜನವಿಲ್ಲ.

ದಿನ ಕಡಿಮೆ ತೋರಿಸಿದರೆ ಯಾರಿಗೆ ನಷ್ಟ?

ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್: ಇವು ಎರಡು ವಂತಿಗೆ ಅವಧಿಗಳು. ಅನಾರೋಗ್ಯ ಭತ್ಯೆಗೆ ಒಂದು ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಇರಬೇಕು. 2018ರಲ್ಲಿ ಜಾರಿಗೆ ಬಂದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆಯಲ್ಲಿಯೂ 78 ದಿನಗಳ ಷರತ್ತು ಇದೆ. ಕೆಲಸ ಕಳೆದುಕೊಂಡ ವಿಮಾದಾರರಿಗೆ ಜೀವಮಾನದಲ್ಲಿ ಗರಿಷ್ಠ 90 ದಿನ ನೆರವು ನೀಡುವ ಈ ಯೋಜನೆಯ ಮೊತ್ತವನ್ನು 2020ರಲ್ಲಿ ಸರಾಸರಿ ವೇತನದ ಶೇ 25ರಿಂದ 50ಕ್ಕೆ ಏರಿಸಲಾಯಿತು. ರೂ. 16,000 ವೇತನದವರಿಗೆ ಇದು ಮೂರು ತಿಂಗಳಿಗೆ ಅಂದಾಜು ರೂ. 24,000. ಯೋಜನೆಯ ಅವಧಿಯನ್ನು ಕಾಲಕಾಲಕ್ಕೆ ವಿಸ್ತರಿಸಲಾಗುವುದರಿಂದ ಅರ್ಜಿಗೆ ಮುನ್ನ ಇಎಸ್‌ಐ ಶಾಖಾ ಕಚೇರಿಯಲ್ಲಿ ವಿಚಾರಿಸತಕ್ಕದ್ದು.

ನೂರು ದಿನ ದುಡಿದ ಮಹಿಳೆಗೆ 60 ದಿನಗಳ ವಂತಿಗೆ ಮಾತ್ರ ಕಟ್ಟಿದರೆ ಮಾಲೀಕರಿಗೆ ಉಳಿಯುವುದು ಕೆಲವು ನೂರು ರೂಪಾಯಿ. ಆಕೆ ಕಾಯಿಲೆ ಬಿದ್ದಾಗ ಅಥವಾ ಕೆಲಸ ಹೋದಾಗ ಕಳೆದುಕೊಳ್ಳುವುದು ಮನೆ ಬಾಡಿಗೆ ಮತ್ತು ಮಕ್ಕಳ ಶುಲ್ಕದ ಹಣ.

ಸದಸ್ಯರು ಗಮನಿಸಬೇಕಾದ ಅಂಶಗಳು

1. ನಗರದ ಅಂಚಿನ ಪಂಚಾಯತಿಗಳಲ್ಲಿ ಇಂತಹ ಸಣ್ಣ ಘಟಕಗಳಿವೆ. 10 ಅಥವಾ ಹೆಚ್ಚು ಕಾರ್ಮಿಕರಿರುವ ಘಟಕಗಳ ಮಾಲೀಕರಿಗೆ 15ನೇ ತಾರೀಖಿನ ಮಹತ್ವವನ್ನು ತಿಳಿಸುವುದು.

2. ರೂ. 21,000ದವರೆಗೆ ವೇತನ ಪಡೆಯುವ ಕಾರ್ಮಿಕರಿಗೆ ತಮ್ಮ ವಿಮಾ ಸಂಖ್ಯೆಯನ್ನೂ ಜಮೆಯಾದ ದಿನಗಳನ್ನೂ ಪರಿಶೀಲಿಸಿಕೊಳ್ಳಲು ಗ್ರಾಮಸಭೆಯಲ್ಲಿ ತಿಳಿಸುವುದು.

3. ಇಎಸ್‌ಐ ಅನ್ವಯಿಸುವ ಹೊರಗುತ್ತಿಗೆ ಕೆಲಸಗಳ ಅಂದಾಜು ಪಟ್ಟಿಯಲ್ಲಿ ಮಾಲೀಕರ ಶೇ 3.25ರ ಪಾಲನ್ನು ಸೇರಿಸುವುದು. ಗುತ್ತಿಗೆದಾರರು ಕಟ್ಟದಿದ್ದಲ್ಲಿ ಹೊಣೆ ಪ್ರಧಾನ ಮಾಲೀಕರ ಮೇಲೆ ಬರುತ್ತದೆ. ಆದುದರಿಂದ ಬಿಲ್ ಮಂಜೂರಿಗೆ ಮುನ್ನ ಚಲನ್ ಜೊತೆಗೆ ಕಾರ್ಮಿಕರ ಹೆಸರು ಮತ್ತು ದಿನಗಳ ಪಟ್ಟಿಯನ್ನು ಹಾಜರಿಯೊಂದಿಗೆ ತಾಳೆ ನೋಡತಕ್ಕದ್ದು.