ಮೂರು ಕಾಸಿನ ಹುಚ್ಚು

ಕಂಡಕ್ಟರ್ ಕೆಲಸದಲ್ಲಿ 29 ವರ್ಷ ಕಳೆದೆ. ದಿನಕ್ಕೆ ಹತ್ತು ಸಲವಾದರೂ ಕೇಳಿಸಿಕೊಂಡ ಮಾತು ಇದು: "ಇದು ಸವೆದುಹೋಗಿದೆ, ಬೇರೆ ಕೊಡಿ." "ನಡೆಯುತ್ತೆ ತಗೊಳ್ಳಿ ಅಮ್ಮಾ" ಅಂದರೆ, "ನಡೆಯಲ್ಲ" ಎಂದು ಅಂಗೈಗೇ ವಾಪಸು ಹಾಕುತ್ತಿದ್ದರು. ಹಾಗೆ ನಡೆಯದೆ ಉಳಿದ ನಾಲ್ಕಾಣೆ, ಎಂಟಾಣೆಗಳಿಗೆ ರಾತ್ರಿ ಲೆಕ್ಕ ಕಟ್ಟುವಾಗ ಕೈಯಿಂದ ದುಡ್ಡು ತುಂಬಿ, ಮನೆಗೆ ತಂದು ಖಾಲಿ ಹಾರ್ಲಿಕ್ಸ್ ಬಾಟಲಿಗೆ ಹಾಕುತ್ತಿದ್ದೆ. ನನ್ನ ಸಂಗ್ರಹ ಶುರುವಾದದ್ದು ಆ ಬಾಟಲಿಯಲ್ಲಿ.

ಹುಚ್ಚು ಹತ್ತಿಸಿದ್ದು ಮಾತ್ರ ಅಜ್ಜಿಯ ದೇವರಮನೆಯ ತಾಮ್ರದ ಬಿಲ್ಲೆ. ವಿಕ್ಟೋರಿಯಾ ರಾಣಿಯ ಕಾಲಾಣೆ, ನಮ್ಮ ಕಡೆ ಹೇಳುವ ಮೂರು ಕಾಸು. ರಾಣಿಯ ಮುಖ ಪೂರ್ತಿ ನುಣ್ಣಗಾಗಿತ್ತು. ಹಿಂಬದಿಯ ಅಕ್ಷರಗಳ ಸಂದಿಯಲ್ಲಿ ಎಷ್ಟೋ ಶುಕ್ರವಾರಗಳ ಕುಂಕುಮ ಕೂತು ಗಟ್ಟಿಯಾಗಿತ್ತು. ಇಸವಿ ಓದಬೇಕೆಂಬ ಆತುರಕ್ಕೆ ಹುಣಸೆಹಣ್ಣು, ಬೂದಿ ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿದೆ. ತಂಬಿಗೆಯ ಹಾಗೆ ಫಳಫಳ ಹೊಳೆಯಿತು. ಇಸವಿ ಹೋಯಿತು. ಅಲ್ಲಿ ಅಕ್ಷರ ಕಾಣಿಸುತ್ತಿದ್ದುದೇ ಕುಂಕುಮದಿಂದ. ಅಳಿದುಳಿದ ಉಬ್ಬನ್ನು ನಾನೇ ತಿಕ್ಕಿ ತೆಗೆದಿದ್ದೆ. ನೂರು ವರ್ಷ ಜನರ ಕೈ ಮಾಡದ ಕೆಲಸವನ್ನು ನನ್ನ ಕೈ ಹತ್ತು ನಿಮಿಷದಲ್ಲಿ ಮಾಡಿತ್ತು. ಆಮೇಲೆ ಯಾವ ನಾಣ್ಯವನ್ನೂ ತಿಕ್ಕಿಲ್ಲ. ಮಣ್ಣಿದ್ದರೆ ಬರೀ ನೀರಲ್ಲಿ ನೆನೆಸಿ, ಬಟ್ಟೆಯ ಮೇಲಿಟ್ಟು ಒಣಗಿಸುತ್ತೇನೆ, ಅಷ್ಟೇ.

ಓದುವುದಕ್ಕೆ ಬೇರೆ ದಾರಿಗಳಿವೆ. ಕತ್ತಲಲ್ಲಿ ಟಾರ್ಚನ್ನು ಮೇಜಿನ ಮಟ್ಟಕ್ಕೆ ಹಿಡಿದು ಅಡ್ಡ ಬೆಳಕು ಬಿಟ್ಟರೆ, ಹಗಲಲ್ಲಿ ಕಾಣದ ಗೆರೆಗೂ ನೆರಳು ಬೀಳುತ್ತದೆ. ಅದಕ್ಕಿಂತ ದೊಡ್ಡ ಉಪಕಾರ ಮಾಡಿದ್ದು ಅಕ್ಕಸಾಲಿಗರು ಬಳಸುವಂಥ ಪುಟ್ಟ ತೂಕದ ಯಂತ್ರ. 1906ರಲ್ಲಿ ಕಾಲಾಣೆಯನ್ನು ತಾಮ್ರದಿಂದ ಕಂಚಿಗೆ ಬದಲಾಯಿಸಿದರು, ತೂಕ 6.48 ಗ್ರಾಮಿನಿಂದ 4.86ಕ್ಕೆ ಇಳಿಯಿತು. ನಾಣ್ಯ ಸವೆದು ಹಗುರಾಗಬಹುದು, ಭಾರವಾಗುವುದಿಲ್ಲವಲ್ಲ! ಮುಖವೇ ಇಲ್ಲದ ಬಿಲ್ಲೆ ಇವತ್ತಿಗೂ ಆರು ಗ್ರಾಂ ತೂಗಿದರೆ ಅದು ಕಂಚಿನದಾಗಿರಲು ಸಾಧ್ಯವಿಲ್ಲ. ಆಮೇಲೆ ತಲೆಯ ಅಂಚು ನೋಡುವುದು. ಕಾಲಾಣೆಗಳಲ್ಲಿ ಬಲಕ್ಕೆ ತಿರುಗಿದ, ಕಿರೀಟವಿಲ್ಲದ ತಲೆ ಇದ್ದರೆ ಏಳನೇ ಎಡ್ವರ್ಡ್. ಎಡಕ್ಕೆ ತಿರುಗಿದ, ಕಿರೀಟವಿರುವ ಗಂಡಸಾದರೆ ಜಾರ್ಜ್.

ಬೆಳ್ಳಿ ರೂಪಾಯಿ ತೂಗುವಾಗ ಇನ್ನೊಂದು ವಿಷಯ ಗೊತ್ತಾಯಿತು. ಅದರ ಪೂರ್ತಿ ತೂಕ 11.66 ಗ್ರಾಂ, ಅಂದರೆ ಒಂದು ತೊಲ. 1906ರ ನಾಣ್ಯ ಕಾಯಿದೆಯ ಪ್ರಕಾರ ಶೇಕಡಾ ಎರಡಕ್ಕಿಂತ ಹೆಚ್ಚು ಸವೆದ ರೂಪಾಯಿ ಕಾನೂನಿನ ಕಣ್ಣಿಗೆ ನಡೆಯುವ ನಾಣ್ಯವಾಗಿರಲಿಲ್ಲ. ನನ್ನ ಹತ್ತಿರದ 1862ರ ರೂಪಾಯಿ 11.31 ತೂಗುತ್ತದೆ. ಗಡಿ ದಾಟಿದ ಮೇಲೂ ಯಾರೋ ಯಾರಿಗೋ "ನಡೆಯುತ್ತೆ ತಗೊಳ್ಳಿ" ಅಂದಿದ್ದಾರೆ! ಅವರೂ ನನ್ನ ಜಾತಿಯವರೇ. ಅಂದಹಾಗೆ ಆ 1862 ಎಂಬ ಇಸವಿಯನ್ನೂ ಪೂರಾ ನಂಬುವ ಹಾಗಿಲ್ಲ. 1874ರವರೆಗೂ ಟಂಕಸಾಲೆಗಳು ಅದೇ ಇಸವಿಯನ್ನು ಒತ್ತುತ್ತಿದ್ದವು. ಬೊಂಬಾಯಿಯಲ್ಲಿ ಒತ್ತಿದವನ್ನು ಪುಟ್ಟ ಚುಕ್ಕಿಗಳಿಂದ ವಿಂಗಡಿಸುತ್ತಾರೆ. ನನ್ನದರಲ್ಲಿ ಚುಕ್ಕಿ ಇತ್ತೋ ಸವೆಯಿತೋ, ದೇವರಿಗೇ ಗೊತ್ತು.

ನನಗೆ ಎಲ್ಲಕ್ಕಿಂತ ಇಷ್ಟವಾದವು ಆನೆ ಕಾಸುಗಳು. ಟಿಪ್ಪುವಿನ ತಾಮ್ರದ ಪೈಸೆಯಲ್ಲಿ ಒಂದು ಕಡೆ ಆನೆ, ಇನ್ನೊಂದು ಕಡೆ ಪಾರಸಿಯಲ್ಲಿ ಟಂಕಸಾಲೆಯ ಊರು. ಆತ ಪೈಸೆಗೆ ಜೋಹ್ರಾ ಎಂದು ಶುಕ್ರಗ್ರಹದ ಹೆಸರಿಟ್ಟಿದ್ದ, ಅರ್ಧ ಪೈಸೆಗೆ ಬಹ್ರಾಮ್ ಎಂದು ಮಂಗಳನ ಹೆಸರು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸಿನಲ್ಲೂ ಆನೆಯಿದೆ. ಅದರ ಮೇಲೆ ಸೂರ್ಯ ಚಂದ್ರ, ಹಿಂದೆ ಕನ್ನಡದಲ್ಲಿ 'ಮಯಿಲಿ ಕಾಸು'. ಆನೆಯ ಹೊಟ್ಟೆಯೇ ಅತಿ ಎತ್ತರದ ಜಾಗವಾದ್ದರಿಂದ ಮೊದಲು ಸವೆಯುವುದೂ ಅದೇ. ಒಂದು ಬಿಲ್ಲೆಯಲ್ಲಿ ನಾಲ್ಕು ಕಾಲು, ಸೊಂಡಿಲಿನ ತುದಿ ಬಿಟ್ಟು ಏನೂ ಇರಲಿಲ್ಲ. ಟಿಪ್ಪುವಿನದೇ ಎಂದು ನಾಲ್ಕು ವರ್ಷ ನಂಬಿ, ಬಂದವರಿಗೆಲ್ಲ ತೋರಿಸಿದ್ದೆ. ಒಂದು ರಾತ್ರಿ ಟಾರ್ಚಿನ ಅಡ್ಡ ಬೆಳಕಿಗೆ ಹಿಂಬದಿಯ ಅಂಚಿನಲ್ಲಿ ಒಂದು 'ಕಾ' ಎದ್ದು ಬಂತು. ತಲಕಟ್ಟು ಇಲ್ಲ, ದೀರ್ಘದ ಇಳಿ ಮಾತ್ರ ಸ್ಪಷ್ಟ. ಆಗಿನ ಖುಷಿಗೆ ಹೆಂಡತಿಯನ್ನು ಎಬ್ಬಿಸಿ ಬೈಸಿಕೊಂಡೆ.

ಸವೆತವನ್ನು ಓದಲು ಬಾರದಿದ್ದಾಗ ಮೋಸವೂ ಹೋಗಿದ್ದೇನೆ. ಒಂದು ಜಾತ್ರೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹೆಸರಿದ್ದ, 1818 ಎಂಬ ಇಸವಿಯ, ರಾಮ ಸೀತೆ ಲಕ್ಷ್ಮಣ ಹನುಮಂತರಿದ್ದ 'ಅರ್ಧಾಣೆ'ಗೆ 1,200 ರೂಪಾಯಿ ಕೊಟ್ಟೆ. ಮೈಸೂರಿನ ಹಳೇ ಸಾಮಾನಿನ ವ್ಯಾಪಾರಿಯೊಬ್ಬರು ಕೈಗೆ ತಗೊಂಡವರೇ ನಕ್ಕರು. "ಸ್ವಾಮಿ, ಕಂಪನಿ ಯಾವತ್ತೂ ರಾಮದೇವರನ್ನ ಒತ್ತಲಿಲ್ಲ. ಅದಿರಲಿ, ಸವೆತ ನೋಡಿ. ಉಬ್ಬೂ ತಗ್ಗೂ ಒಂದೇ ಸಮ. ಕೈಯಲ್ಲಿ ಓಡಾಡಿದ್ದು ಹಿಂಗೆ ಸವೆಯುತ್ತಾ?" ಜೇಬಿನಲ್ಲಿ ಸವೆದ ನಾಣ್ಯದಲ್ಲಿ ಉಬ್ಬು ಮೊದಲು ಹೋಗುತ್ತದೆ, ತಗ್ಗು ಕೊನೆಯವರೆಗೆ ಉಳಿಯುತ್ತದೆ. ಹಳೆಯದಾಗಿ ಕಾಣಿಸಲು ಸುರಿಯುವ ಆ್ಯಸಿಡ್ಡಿಗೆ ಈ ತಾರತಮ್ಯ ತಿಳಿಯದು. ಅಂದಿನಿಂದ ತೂತು ಬಿದ್ದದ್ದು, ಬಾಗಿದ್ದು, ಆ್ಯಸಿಡ್ ಕುಡಿದದ್ದು ನನಗೆ ಬೇಡ; ನುಣ್ಣಗೆ ಸವೆದದ್ದು ಎಷ್ಟಾದರೂ ಬರಲಿ.

ಅಮೆರಿಕದಲ್ಲಿ ವಿಲಿಯಂ ಶೆಲ್ಡನ್ ಎಂಬುವರು 1949ರಲ್ಲಿ ನಾಣ್ಯಗಳಿಗೆ 1ರಿಂದ 70ರವರೆಗೆ ಅಂಕ ಹಾಕುವ ಪದ್ಧತಿ ತಂದರು. ಅದರಲ್ಲಿ 4 ಅಂಕ ಬಂದರೆ ಹೆಸರು 'ಗುಡ್'! ಎಪ್ಪತ್ತಕ್ಕೆ ನಾಲ್ಕು ತಗೊಂಡು ಒಳ್ಳೆಯವನೆನಿಸಿಕೊಳ್ಳುವ ಪರೀಕ್ಷೆ ನನ್ನ ಕಾಲದಲ್ಲಿ ಇರಲಿಲ್ಲ. ಒಂದೇ ಅಂಕದ ನಾಣ್ಯಕ್ಕಾಗಿ ಪೈಪೋಟಿ ನಡೆಸುವವರೂ ಅಲ್ಲಿದ್ದಾರಂತೆ. ನಾನು ಒಬ್ಬನೇ ಮರುಳನಲ್ಲ ಎಂದು ಮನೆಯಲ್ಲಿ ಹೇಳಿಕೊಳ್ಳಲು ಅದೊಂದು ಆಧಾರ.

ಹಾರ್ಲಿಕ್ಸ್ ಬಾಟಲಿಯನ್ನು ಮೊನ್ನೆ ಮತ್ತೆ ಸುರುವಿದೆ. 2011ರ ಜೂನ್ 30ಕ್ಕೆ ಚಲಾವಣೆ ನಿಂತ ನಾಲ್ಕಾಣೆಗಳಲ್ಲಿ ಸ್ಟೀಲಿನವು, ಖಡ್ಗಮೃಗದವು, ಇನ್ನೂ ಹೊಸದರಂತಿವೆ. ಅದರ ಹಿಂದಿನ ತಾಮ್ರ ನಿಕಲ್ ಮಿಶ್ರಣದವು ಮಾತ್ರ ಮಜ್ಜಿಗೆಯಂತೆ ತೆಳ್ಳಗಾಗಿವೆ. ಈಗ ಬಸ್ಸಿನಲ್ಲೂ ಫೋನು ತೋರಿಸಿ ಟಿಕೆಟ್ ತಗೊಳ್ಳುತ್ತಾರೆ. ಸ್ಟೀಲು ಸವೆಯುವುದಿಲ್ಲ, ಸವೆಸುವ ಕೈಗಳೂ ಕಡಿಮೆ.

ಅಜ್ಜಿಯ ಕಾಲಾಣೆಯನ್ನು ಆಲ್ಬಮ್ಮಿನಿಂದ ತೆಗೆದು ದೇವರಮನೆಯಲ್ಲಿ ಇಟ್ಟಿದ್ದೇನೆ. ಹೆಂಡತಿ ಶುಕ್ರವಾರ ಕುಂಕುಮ ಹಚ್ಚುತ್ತಾಳೆ, ನಾನು ಶನಿವಾರ ಟಾರ್ಚು ಹಿಡಿಯುತ್ತೇನೆ. 18 ಎಂಬುದು ಮೆಲ್ಲಗೆ ಕೆಂಪಾಗುತ್ತಿದೆ. ಮುಂದಿನ ಎರಡಂಕಿ ಇನ್ನೂ ಕಂಡಿಲ್ಲ.